ಉತ್ತರ ಹೇಳುವುದಿಲ್ಲ, ದಾರಿ ಹೇಳುತ್ತೇನೆ

ನೈರೋಬಿಯ ಕನ್ನಡಿಗರು ಸೇರಿ ಮಾಡುವ ಗಣೇಶನ ಹಬ್ಬದಲ್ಲಿ, ಊಟದ ಸಾಲಿನಲ್ಲಿ ಹೊಸಬರು ಯಾರಾದರೂ ನನ್ನ ಪಕ್ಕಕ್ಕೆ ಬಂದು ನಿಂತರೆ ಇವತ್ತಿಗೂ ನನಗೆ ಕಸಿವಿಸಿ. ಕೋಸಂಬರಿ ಬಡಿಸುವುದರೊಳಗೆ ಆ ಪ್ರಶ್ನೆ ಬಂದೇ ಬರುತ್ತದೆ.

"ಸಾರ್, ತಾವು ಯಾವ ಕಂಪನೀಲಿದ್ರಿ?"

"ನ್ಯೂಸ್‌ಪೇಪರ್‌ನಲ್ಲಿದ್ದೆ."

"ಓ, ರಿಪೋರ್ಟರಾ?"

"ಅಲ್ಲ, ಕ್ರಾಸ್‌ವರ್ಡ್ ಮಾಡ್ತಿದ್ದೆ."

"ಅದು ಸರಿ ಸಾರ್, ಕೆಲಸ ಏನ್ ಮಾಡ್ತಿದ್ರಿ?"

ಅತ್ತ ಒಬ್ಬರು ಔಷಧ ಕಾರ್ಖಾನೆಯ ಮ್ಯಾನೇಜರು, ಇತ್ತ ಒಬ್ಬರು ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ನಡುವೆ ಪದಬಂಧ ಕಟ್ಟಿ ಹೊಟ್ಟೆ ಹೊರೆದ ನಾನು. ಈ ನಾಚಿಕೆಯೇ ದೊಡ್ಡದೆಂದು ಬಹಳ ಕಾಲ ನಂಬಿಕೊಂಡಿದ್ದೆ. ಇದಕ್ಕಿಂತ ದೊಡ್ಡದು ನಿವೃತ್ತಿಯಾದ ಮೇಲೆ ಕಾದಿತ್ತು. ವಂಬುಯಿ ಎಂಬ ಹುಡುಗಿಯ ಕೆಲಸ ನನ್ನ ಒಂದು ಮಾತಿನ ಮೇಲೆ ನಿಂತಿತು, ಆ ಮಾತಾಡಲು ನಾನು ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಯಿತು. ಮೈಸೂರಿನ ಗೆಳೆಯರು ತಮ್ಮ ಪತ್ರಿಕೆಯಲ್ಲಿ ಗೂಢ ಪದಬಂಧ ಶುರು ಮಾಡುತ್ತಿದ್ದಾರಂತೆ. ಅದಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಅನುಭವ ಬರೆದುಕೊಡಿ ಎಂದಿದ್ದಾರೆ. ಅನುಭವ ಅಂದರೆ ಇದೇ. ಆದರೆ ಮೊದಲು ಕೆಲಸ ಏನೆಂದು ತಿಳಿಯಲಿ, ಇಲ್ಲದಿದ್ದರೆ ನನ್ನ ನಾಚಿಕೆಯ ತೂಕ ನಿಮಗೆ ಸಿಗುವುದಿಲ್ಲ.

ಸಾಮಾನ್ಯ ಪದಬಂಧದಲ್ಲಿ "ಚಿನ್ನ" ಎಂದು ಕೇಳಿ, ನೀವು "ಕನಕ" ಎಂದು ತುಂಬಿದರೆ ಮುಗಿಯಿತು. ಗೂಢ ಪದಬಂಧದಲ್ಲಿ ಹಾಗಲ್ಲ. "ಬಾಲಕನ ಕಪಾಟಿನಲ್ಲಿ ಬಚ್ಚಿಟ್ಟ ಚಿನ್ನ" ಎಂದು ಕೇಳುತ್ತೇವೆ. ನೀವು ಯಾರೋ ತುಂಟ ಹುಡುಗನನ್ನು ಮನಸ್ಸಿನಲ್ಲಿ ತಂದುಕೊಳ್ಳುತ್ತೀರಿ, ದಾರಿ ತಪ್ಪುತ್ತೀರಿ. "ಬಾಲಕನ ಕಪಾಟು" ಎಂಬ ಮಾತಿನ ಒಳಗೇ ಕ, ನ, ಕ ಸಾಲಾಗಿ ಕುಳಿತಿವೆ, ನೋಡಿ. ಬಚ್ಚಿಟ್ಟದ್ದು ಅಲ್ಲಿ. ಇದು ಬಚ್ಚಿಟ್ಟ ಜಾತಿ, ಎಲ್ಲಕ್ಕಿಂತ ಸುಲಭದ್ದು. ಉತ್ತರ ಕಣ್ಣೆದುರೇ ಇರುತ್ತದೆ.

"ತಲೆ ಕಳೆದುಕೊಂಡ ಯುದ್ಧದಲ್ಲಿ ಉಳಿದದ್ದು ವೃಕ್ಷ." ಯುದ್ಧ ಎಂದರೆ ಸಮರ, ಅದರ ಮೊದಲಕ್ಷರ ಹಾರಿಸಿದರೆ ಮರ. ಇದು ತಲೆ ತೆಗೆಯುವ ಜಾತಿ. "ಕದಡಿದ ಮರಣದಿಂದ ಎದ್ದುಬಂದ ಗಂಡ." ಮರಣದ ಅಕ್ಷರಗಳನ್ನು ಕದಡಿದರೆ ರಮಣ. ಇದು ಕಲಸುವ ಜಾತಿ. ಇಲ್ಲಿ "ಕದಡಿದ" ಎಂಬಂಥ ಒಂದು ಪದ ಇರಲೇಬೇಕು, ಅಕ್ಷರ ಕಲಸಿ ಎಂದು ಓದುಗನಿಗೆ ಗುಟ್ಟಾಗಿ ಹೇಳುವುದಕ್ಕೆ. ನಾನು ಕಟ್ಟಿದ್ದೆಲ್ಲ ಇಂಗ್ಲಿಷಿನಲ್ಲಿ, ಇವು ನಿಮಗಾಗಿ ಈಗ ಹೊಸೆದವು. ಜಾತಿ ಹಲವಿದ್ದರೂ ಕಾನೂನು ಒಂದೇ. ಸುಳಿವು ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ಒಂದು ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಅದು ಮೋಸ.

ನಾನು ಈ ದೇಶಕ್ಕೆ ಬಂದದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಮಾತ್ರೆ ಕಾರ್ಖಾನೆಗೆ, ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್ ಆಗಿ. ಕಂಪನಿಯ ವ್ಯಾನು ಲಾರಿಗಳ ನಡುವೆ ಸಿಕ್ಕಿಕೊಂಡರೆ ಅಲ್ಲಾಡುತ್ತಿರಲಿಲ್ಲ. ಮಾಡಲು ಏನೂ ಇಲ್ಲದೆ ಪತ್ರಿಕೆಯ ಪದಬಂಧ ಹಿಡಿದೆ. ಒಂದು ದಿನ ಒಂದು ಸುಳಿವಿನಲ್ಲಿ ಅಕ್ಷರ ಕಡಿಮೆ ಬಿದ್ದದ್ದು ಕಂಡು, ಮೈ ಉರಿದು, ಪತ್ರಿಕೆಗೆ ಫೋನ್ ಮಾಡಿ ಕೂಗಾಡಿದೆ. ಆಚೆ ಕಡೆ ಇದ್ದವರು ಡಿಸೋಜಾ, ಗೋವಾ ಮೂಲದ ಹಿರಿಯ ಸಂಪಾದಕರು. "ಅಷ್ಟು ಗೊತ್ತಿದ್ದರೆ ನೀವೇ ಬಂದು ಮಾಡಿ" ಅಂದರು. ಹೋದೆ. ಮನೆಯಲ್ಲಿ ಹೆಂಡತಿ ವಸುಧಾ ಒಂದು ವಾರ ಮಾತು ಬಿಟ್ಟಳು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಮನೆ ನಡೆದದ್ದು ಹೆಚ್ಚಾಗಿ ಅವಳಿಂದಲೇ.

ಡಿಸೋಜಾ ಕಲಿಸಿದ ಮೊದಲ ಪಾಠ ಫೋನಿನದು. ಬೆಳಿಗ್ಗೆ ಪತ್ರಿಕೆ ಮನೆ ಮುಟ್ಟಿದ ಮೇಲೆ ನಮ್ಮ ಮೇಜಿನ ಫೋನು ಬಡಿದುಕೊಳ್ಳಲು ಶುರು. "ಅವರು ಉತ್ತರ ಕೇಳ್ತಾರೆ. ಕೊಡಬೇಡ. ದಾರಿ ಹೇಳು, ಮುಂದಕ್ಕೆ ಅವರೇ ಹೋಗಲಿ. ಉತ್ತರ ಕೊಟ್ಟರೆ ಅವರ ಆ ದಿನವನ್ನೇ ಕದ್ದ ಹಾಗೆ." ಅದನ್ನು ನಾನು ವ್ರತದಂತೆ ಪಾಲಿಸಿದೆ. ನ್ಗಾರಾದಲ್ಲಿ ಬಟ್ಟೆಯ ಸಗಟು ಅಂಗಡಿ ಇಟ್ಟಿದ್ದ ಕಾಂತಿಭಾಯ್ ದಿನಾ ಫೋನ್ ಮಾಡುವವರಲ್ಲಿ ಮೊದಲಿಗರು. ಗಲ್ಲೆಯ ಮೇಲೆ ಕೂತು ಗಿರಾಕಿಗಳನ್ನು ಕಾಯಿಸಿ ಪದಬಂಧ ಬಿಡಿಸುವ ಮನುಷ್ಯ.

ಒಮ್ಮೆ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ. ಹೆಂಡತಿ ಸುಳಿವು ಓದಿ ಹೇಳುತ್ತಿದ್ದರು, ಇವರು ಕತ್ತಲಲ್ಲೇ ಯೋಚಿಸುತ್ತಿದ್ದರು. ಒಂದು ಉತ್ತರ ಮಾತ್ರ ಸಿಗದೆ ಫೋನ್ ಮಾಡಿದರು.

"ಭಾಯ್, ಇದೊಂದು ಹೇಳಿಬಿಡಿ. ತಲೆ ಸಿಡೀತಿದೆ. ಯೋಚನೆ ಮಾಡಬಾರದು ಅಂತ ಡಾಕ್ಟರ್ ಹೇಳಿದ್ದಾರೆ."

"ಉತ್ತರ ಹೇಳಲ್ಲ ಕಾಂತಿಭಾಯ್, ದಾರಿ ಹೇಳ್ತೀನಿ."

ದಾರಿ ಹೇಳಿದೆ. ಅವರಿಗೆ ಸಿಗಲಿಲ್ಲ. ಇನ್ನೂ ಸ್ವಲ್ಪ ದಾರಿ ಹೇಳಿದೆ. ಆಮೇಲೆ ಅವರು ಮಾತಾಡಲಿಲ್ಲ, ನಾನು "ನಾಳೆ ಪೇಪರ್‌ನಲ್ಲಿ ಬರುತ್ತೆ" ಎಂದು ಫೋನ್ ಇಟ್ಟೆ. ಮನೆಗೆ ಬಂದು ವಸುಧಾಗೆ ಇದನ್ನು ಜಂಬದಿಂದ ಹೇಳಿದೆ. ಅವಳು, "ಪಾಪ, ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದಳು. ಹೆಂಗಸರಿಗೆ ನಮ್ಮ ವೃತ್ತಿಧರ್ಮ ತಿಳಿಯುವುದಿಲ್ಲ ಎಂದುಕೊಂಡೆ. ಎಂಥ ಧರ್ಮವೋ!

ನಮ್ಮ ಪ್ರಮಾದಗಳಲ್ಲಿ ಒಂದನ್ನು ಹೇಳಲೇಬೇಕು. ಆಗೆಲ್ಲ ಗೆರೆ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಚೌಕದ ಮನೆಗಳನ್ನು ಬರೆದು, ಕಪ್ಪು ತುಂಬಿ, ರಬ್ಬರು ಸವೆಯುವವರೆಗೆ ತಿದ್ದುತ್ತಿದ್ದೆವು. ಪುಟ ಕಟ್ಟುವಾಗ ಸೋಮವಾರದ ಚೌಕದ ಕೆಳಗೆ ಮಂಗಳವಾರದ ಸುಳಿವುಗಳು ಕೂತುಬಿಟ್ಟವು. ಯಾವ ಸುಳಿವೂ ಯಾವ ಮನೆಗೂ ಹೊಂದುವುದಿಲ್ಲ. ಬೆಳಿಗ್ಗೆ ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡು ಕೂತೆ. ಕಾಂತಿಭಾಯ್ ಫೋನ್ ಬಂತು. "ಭಾಯ್, ಇವತ್ತು ಭಾರೀ ಕಷ್ಟದ್ದು ಇಟ್ಟಿದ್ದೀರಿ. ನನ್ನ ಬುದ್ಧಿ ಮೊಂಡಾಯಿತು, ಒಂದೂ ಬರಲಿಲ್ಲ!" ಅಂದರು. ಬೈದವರು ಬೆರಳೆಣಿಕೆ. ಉಳಿದವರೆಲ್ಲ ತಪ್ಪು ತಮ್ಮದೇ ಎಂದುಕೊಂಡಿದ್ದರು.

ಇದನ್ನು ಚೆನ್ನಾಗಿ ನೆನಪಿಡಿ. ಪದಬಂಧ ಬಿಡಿಸುವವರು ಕಟ್ಟಿದವನನ್ನು ನಂಬುತ್ತಾರೆ. ಎಷ್ಟು ನಂಬುತ್ತಾರೆಂದರೆ, ತಪ್ಪು ನಿಮ್ಮದಾದರೂ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ದಿನದ ಅವಮಾನಕ್ಕೆ ನಾನು ಅಚ್ಚಾದ ನನ್ನ ಪದಬಂಧವನ್ನು ನೋಡುವುದನ್ನೇ ಬಿಟ್ಟೆ. ಆ ಪುಟ ಬಂದರೆ ಮಗುಚಿಹಾಕುತ್ತಿದ್ದೆ. ಮುಂದೆ ಇದೇ ನನಗೆ ಮುಳುವಾಯಿತು.

ಡಿಸೋಜಾ ಹೋದರು, ಅವರ ಕುರ್ಚಿಗೆ ಒಟಿಯೆನೊ ಬಂದ. ನನಗಿಂತ ಬಹಳ ಚಿಕ್ಕವನು, ನಗುಮುಖ, ಕೆಲಸದಲ್ಲಿ ಕಟ್ಟುನಿಟ್ಟು. ಕಚೇರಿ ವೆಸ್ಟ್‌ಲ್ಯಾಂಡ್ಸ್‌ನ ಗಾಜಿನ ಕಟ್ಟಡಕ್ಕೆ ಏರಿತು. ಚೌಕ ಕಟ್ಟಲು ಕಂಪ್ಯೂಟರು ಬಂತು. ಹತ್ತು ಪದ ಕೊಟ್ಟರೆ ಉಳಿದ ಮನೆಗಳನ್ನು ಅದೇ ತುಂಬಿಕೊಡುತ್ತದೆ. ಫೋನು ನಿಂತು ವಾಟ್ಸ್ಯಾಪ್ ಗುಂಪು ಆಯಿತು, ಕಾಂತಿಭಾಯ್ ಮಾತ್ರ ಫೋನನ್ನೇ ಹಿಡಿದುಕೊಂಡರು. ಇದರ ಜೊತೆಗೆ ನನಗೊಬ್ಬ ಸಹಾಯಕಿಯೂ ಬಂದಳು, ವಂಬುಯಿ. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದವಳು, ಮಾತು ಕಡಿಮೆ. ಇಲ್ಲಿ ಹಿರಿಯರನ್ನು ಗೌರವದಿಂದ "ಮ್ಜೇ" ಅನ್ನುತ್ತಾರೆ, ನಮ್ಮಲ್ಲಿ ಯಜಮಾನರೇ ಅಂದ ಹಾಗೆ. ಅವಳು ನನ್ನನ್ನು ಮೊದಲ ದಿನದಿಂದ ಹಾಗೇ ಕರೆದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಯಾವ ಪದಬಂಧವೂ ಕಟ್ಟಿದವನ ಕೈಯಿಂದ ನೇರ ಅಚ್ಚಿಗೆ ಹೋಗಬಾರದು. ಇನ್ನೊಬ್ಬರು ಕೂತು, ಉತ್ತರ ನೋಡದೆ ಬಿಡಿಸಬೇಕು. ಎಲ್ಲಿ ಎಡವಿದರೋ ಅಲ್ಲಿ ಸುಳಿವು ಕುಂಟುತ್ತಿದೆ ಎಂದರ್ಥ. ಅದು ವಂಬುಯಿಯ ಕೆಲಸ. ಗುಂಪಿನಲ್ಲೂ ಫೋನಿನಲ್ಲೂ ಕೇಳಿದವರಿಗೆ ದಾರಿ ಹೇಳುವುದೂ ಅವಳದೇ ಆಯಿತು. ನಾನು ಟ್ವಿಗಾ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದೆ. ಟ್ವಿಗಾ ಅಂದರೆ ಸ್ವಾಹಿಲಿಯಲ್ಲಿ ಜಿರಾಫೆ, ನನ್ನ ಕತ್ತು ನೋಡಿ ವಸುಧಾ ಇಟ್ಟ ಹೆಸರು. ಮಧ್ಯಾಹ್ನದ ಹೊತ್ತಿಗೆ ನಾನು ಕೊಟ್ಟರೆ, ವಂಬುಯಿ ಬಿಡಿಸಿ, ತನಗನ್ನಿಸಿದ್ದು ಹೇಳಿ, ಪುಟಕ್ಕೆ ಕಳಿಸುತ್ತಿದ್ದಳು. ಮೊದಮೊದಲು ಚಹಾದ ಹೊತ್ತಿಗೆ ಮುಗಿಸುತ್ತಿದ್ದವಳು, ಕೊನೆಯ ಎರಡು ವರ್ಷ ಸಂಜೆಯಾದರೂ ಮುಗಿಸುತ್ತಿರಲಿಲ್ಲ. ನನಗೆ ಕೋಪ. ನನ್ನ ಕೋಪ ಗೊತ್ತಿಲ್ಲದವರು ಆ ಮಹಡಿಯಲ್ಲಿ ಇರಲಿಲ್ಲ.

"ಮ್ಜೇ, ಇದರ ಬಗ್ಗೆ ಒಂದು ಮಾತು..." ಎಂದು ಅವಳು ಬಂದರೆ, "ಮಾತು ಆಮೇಲೆ. ಇಷ್ಟು ಹೊತ್ತು ಯಾಕೆ? ದಿನಾ ಒದ್ದಾಡೋವರು ಬಿಡಿಸಿ ನೋಡೋರಲ್ಲ, ಕಲಿಯೋರು" ಅನ್ನುತ್ತಿದ್ದೆ, ಎಲ್ಲರಿಗೂ ಕೇಳಿಸುವ ಹಾಗೆ. ಅವಳು ಹಾಳೆಯೊಂದಿಗೆ ತನ್ನ ಮೇಜಿಗೆ ಮರಳುತ್ತಿದ್ದಳು.

ಇತ್ತ ಕಾಂತಿಭಾಯ್, "ಭಾಯ್, ಈಚೆಗೆ ನಿಮಗೆ ವಯಸ್ಸು ಹಿಂದಕ್ಕೆ ಹೋಗ್ತಿದೆ! ಎಂಥ ಹೊಸ ಹೊಸ ಸುಳಿವು!" ಎಂದು ಹೊಗಳುತ್ತಿದ್ದರು. ಉಬ್ಬಿಹೋಗುತ್ತಿದ್ದೆ. ನಿವೃತ್ತಿಯ ವಯಸ್ಸು ದಾಟಿಯೂ ಕೂತಿದ್ದವನಿಗೆ ಇದಕ್ಕಿಂತ ಏನು ಬೇಕು?

ಕೊನೆಗೂ ಬಿಡುವ ದಿನ ಬಂತು. ಬೀಳ್ಕೊಡುಗೆ ಚಹಾ, ಕೇಕು, ಸಮೋಸಾ. ಒಟಿಯೆನೊ ಎಲ್ಲರ ಮುಂದೆ, "ಮ್ಜೇ, ಮುಂದೆ ಟ್ವಿಗಾ ಮೇಜನ್ನ ವಂಬುಯಿಗೆ ಕೊಡೋಣವಾ? ನೀವೇ ಹೇಳಬೇಕು" ಎಂದು ಕೇಳಿದ. ಅವಳು ಸಮೋಸಾದ ತಟ್ಟೆ ಹಿಡಿದು ನಿಂತಿದ್ದಳು. ನಾನು ದೊಡ್ಡಸ್ತಿಕೆಯಿಂದ ಕತ್ತು ಅಲ್ಲಾಡಿಸಿ, "ಒಳ್ಳೆ ಹುಡುಗಿ. ಆದರೆ ಇನ್ನೂ ಹಣ್ಣಾಗಿಲ್ಲ" ಅಂದೆ. ಅವಳು ತಟ್ಟೆಯನ್ನು ಮುಂದಿನವರಿಗೆ ಹಿಡಿದಳು.

ಮನೆಯಲ್ಲಿ ಕೂತವನಿಗೆ ಹೊತ್ತು ಹೋಗದು. ಪತ್ರಿಕೆಯವರು ಏನು ಮಾಡುವುದೆಂದು ತೀರ್ಮಾನವಾಗುವವರೆಗೆ ಟ್ವಿಗಾನ ಈಚಿನ ವರ್ಷಗಳ ಪದಬಂಧಗಳನ್ನೇ ಮತ್ತೆ ಅಚ್ಚು ಮಾಡುತ್ತಿದ್ದರು. ಇನ್ನು ನಾನೂ ಓದುಗ ತಾನೇ ಎಂದು, ಬೆಳಗಿನ ಕಾಫಿಯ ಜೊತೆ ಮೊದಲ ಬಾರಿಗೆ ನನ್ನದನ್ನೇ ಬಿಡಿಸಲು ಕೂತೆ. ಎರಡು ಮೂರು ಸುಳಿವು ಚಕ್ಕನೆ ಬಂದವು, ಉಳಿದವು ಜಗ್ಗಲಿಲ್ಲ. "ನೋಡೇ, ಎಷ್ಟು ಚೆನ್ನಾಗಿ ಕಟ್ಟಿದ್ದೀನಿ, ನನಗೇ ಬರ್ತಿಲ್ಲ!" ಎಂದು ವಸುಧಾಗೆ ಕೂಗಿದೆ. ಅವಳು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟಳು.

ನಾಲ್ಕಾರು ದಿನ ಹೀಗೇ ನಡೆಯಿತು. ಒಂದು ದಿನ ಕಲಸುವ ಜಾತಿಯ ಸುಳಿವೊಂದು ಸಿಕ್ಕಿತು. ಅಕ್ಷರ ಕಲಸಿ ಎಂದು ಹೇಳಲು ನಾನು ಜೀವಮಾನವೆಲ್ಲ ಬಳಸಿದ್ದು ಕುಡಿದ, ಕೆಟ್ಟ, ಹುಚ್ಚು ಹಿಡಿದ ಎಂಬ ಸವಕಲು ಪದಗಳನ್ನು. ಇಲ್ಲಿ ಒಬ್ಬ ಅಜ್ಜಿ ಮುಕಿಮೊ ಮಾಡುತ್ತಿದ್ದಳು. ಮುಕಿಮೊ ಅಂದರೆ ಇಲ್ಲಿಯವರ ಮನೆಯಡುಗೆ, ಆಲೂಗೆಡ್ಡೆ, ಜೋಳದ ಕಾಳು, ಸೊಪ್ಪು ಎಲ್ಲ ಬೇಯಿಸಿ ಒಟ್ಟಿಗೆ ಕುಟ್ಟುವುದು. ಅಜ್ಜಿ ಕುಟ್ಟಿದ್ದೇ ಕಲಸುವ ಸೂಚನೆ. ಸೊಪ್ಪನ್ನು ಯಾವಾಗ ಹಾಕುತ್ತಾರೆ, ಒನಕೆ ಎಷ್ಟು ಹೊತ್ತು ಆಡುತ್ತದೆ, ಎಲ್ಲ ಆ ಒಂದು ಸಾಲಿನಲ್ಲಿತ್ತು. ಇಷ್ಟು ವರ್ಷ ಈ ಊರಲ್ಲಿದ್ದೂ ನಾನು ಮುಕಿಮೊ ತಿಂದಿಲ್ಲ. ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ಬಿಟ್ಟು ಆಫೀಸಿನಲ್ಲಿ ಬೇರೇನೂ ಮುಟ್ಟಿದವನಲ್ಲ.

ಕಟ್ಟಿದವನಿಗೆ ತನ್ನ ಸುಳಿವು ತಾಯಿಗೆ ಮಗು ಇದ್ದ ಹಾಗೆ, ಗುರುತು ತಪ್ಪುವುದಿಲ್ಲ. ಇದು ನನ್ನದಲ್ಲ. ಹಿಂದಿನ ದಿನಗಳವನ್ನು ಹುಡುಕಿ ತೆಗೆದು ನೋಡಿದೆ. ಒಂದೊಂದರಲ್ಲಿ ನನ್ನವು ಮೂರೋ ನಾಲ್ಕೋ.

"ವಸುಧಾ, ಇವು ನಾನು ಮಾಡಿದ್ದಲ್ಲ."

ಅವಳು ಕೈ ಒರೆಸಿಕೊಂಡು ಬಂದು ಎದುರು ಕೂತಳು. "ಈಗ ಗೊತ್ತಾಯ್ತಾ?"

"ನಿನಗೆ ಗೊತ್ತಿತ್ತಾ?"

"ಆ ಹುಡುಗಿ ಫೋನ್ ಮಾಡಿದ್ದಳು, ಎರಡು ವರ್ಷದ ಹಿಂದೆ. ಮ್ಜೇ ಹುಷಾರಾಗಿದಾರಾ ಅಂತ ಕೇಳಿದ್ಳು. ಅಕ್ಷರ ತಪ್ತಿವೆ, ಒಂದೇ ಸುಳಿವು ಒಂದೇ ವಾರದಲ್ಲಿ ಎರಡು ಸಲ ಬರ್ತಿದೆ ಅಂದ್ಳು. ನಾನು ಸರಿ ಮಾಡ್ಕೋತೀನಿ, ಅವರಿಗೆ ಹೇಳಬೇಡಿ ಅಂದ್ಳು."

"ನೀನಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಡಾಕ್ಟರ್ ಹತ್ರ ಹೋಗೋಣ ಅಂದಾಗ್ಲೆಲ್ಲ ನನ್ನ ಮೇಲೇ ಹರಿಹಾಯ್ತಿದ್ರಿ."

ವಂಬುಯಿ ಸಂಜೆವರೆಗೂ ಕೂತು ಮಾಡುತ್ತಿದ್ದದ್ದು ನನ್ನ ಕೆಲಸ. ಅದಕ್ಕೇ ನಾನು ಅವಳನ್ನು ಬೈದದ್ದು. ಕಾಂತಿಭಾಯ್ ಹೊಗಳಿದ್ದು ಅವಳನ್ನು, ಅದಕ್ಕೆ ಉಬ್ಬಿದ್ದು ನಾನು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಪಾರ್ಕ್‌ಲ್ಯಾಂಡ್ಸ್‌ನ ಮೂರನೇ ಮಹಡಿಯ ಫ್ಲಾಟಿನಲ್ಲಿ ಆ ಅನುಕೂಲವೂ ಇರಲಿಲ್ಲ.

ಮರುದಿನ ಒಟಿಯೆನೊಗೆ ಫೋನ್ ಮಾಡಿದೆ. ಸುದ್ದಿ ಕೇಳಿ ಇನ್ನೂ ಕುಸಿದೆ. ತಿಂಗಳ ಕೊನೆಗೆ ಪದಬಂಧದ ಮೇಜನ್ನು ಮುಚ್ಚುತ್ತಾರಂತೆ. ಹೊರದೇಶದ ಕಂಪನಿಯಿಂದ ಸಿದ್ಧ ಪದಬಂಧ ಕೊಳ್ಳುತ್ತಾರೆ. ವಂಬುಯಿಗೆ ಜಾಹೀರಾತಿನ ಕರಡು ತಿದ್ದುವ ಕೆಲಸ, ಅದೂ ಇದ್ದರೆ.

ಟ್ಯಾಕ್ಸಿ ಮಾಡಿಕೊಂಡು ವೆಸ್ಟ್‌ಲ್ಯಾಂಡ್ಸ್‌ಗೆ ಹೋದೆ. ಒಟಿಯೆನೊ ಕುರ್ಚಿ ಎಳೆದು ಕೂರಿಸಿದ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತು, "ಕೊನೆ ಎರಡು ವರ್ಷದ ಟ್ವಿಗಾ ನಾನಲ್ಲ, ವಂಬುಯಿ" ಎಂದೆ.

ಅವನು ಕನ್ನಡಕ ತೆಗೆದಿಟ್ಟ. "ನಮಗೆಲ್ಲ ಗೊತ್ತಿತ್ತು ಮ್ಜೇ."

"ಮತ್ತೆ ಅವಳಿಗೆ ಯಾಕೆ ಕೊಡಲಿಲ್ಲ?"

"ಕೊಡೋಕೆ ಹೋದೆ. ಅವಳೇ ಒಪ್ಪಲಿಲ್ಲ. 'ನಾನಿನ್ನೂ ಹಣ್ಣಾಗಿಲ್ಲ ಅಂತ ಮ್ಜೇ ಎಲ್ಲರ ಮುಂದೆ ಅಂದಿದ್ದಾರೆ, ನಾನು ಕೂತರೆ ಮುದುಕರನ್ನ ತಳ್ಳಿ ಕೂತಳು ಅಂತಾರೆ. ಅವರು ಹೂಂ ಅನ್ನೋವರೆಗೂ ಬೇಡ' ಅಂದಳು. ನಿಮ್ಮನ್ನ ಕೇಳಬೇಡಿ ಅಂತಲೂ ಅಂದಳು. ಎಷ್ಟು ದಿನ ಅಂತ ಕಾಯಲಿ?"

ನಾನು ಅವನಿಗೆ ಚೀಟಿಯಲ್ಲಿ ಹೂಂ ಎಂದು ಬರೆದುಕೊಟ್ಟು ಹಿಂದಿನ ಮೆಟ್ಟಿಲಿಳಿದು ಹೋಗಬಹುದಿತ್ತು. ಮನಸ್ಸು ಹಾಗೇ ಹೇಳಿತು. ಆದರೆ ಮಾತು ಆಡಿದ್ದು ಚಹಾದ ಮೇಜಿನ ಹತ್ತಿರ, ಎಲ್ಲರೆದುರು. ಅಲ್ಲೇ ವಾಪಸು ತೆಗೆದುಕೊಳ್ಳಬೇಕಿತ್ತು. ಚಹಾದ ಹೊತ್ತಿನವರೆಗೆ ಕಾದು ಕೂತೆ. ಎಲ್ಲರೂ ಬಂದರು, ವಂಬುಯಿಯೂ ಬಂದಳು. ಎದ್ದು ನಿಂತೆ. ಹೇಳಿದೆ. ಅಕ್ಷರ ತಪ್ಪಿಸಿದ್ದು ನಾನು, ತಿದ್ದಿದ್ದು ಅವಳು, ಬೈಸಿಕೊಂಡದ್ದೂ ಅವಳು, ಹಣ್ಣಾಗದೆ ಕೊಳೆತದ್ದು ನಾನು ಎಂದೆ. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಕೆಲವರು ನೆಲ ನೋಡಿದರು.

ವಂಬುಯಿ ಬಂದು ಲೋಟ ನನ್ನ ಕೈಗೆ ಕೊಟ್ಟಳು. "ಚಹಾ ಆರಿಹೋಗುತ್ತೆ ಮ್ಜೇ."

"ನನಗ್ಯಾಕೆ ಹೇಳಲಿಲ್ಲಮ್ಮಾ?"

"ಹೇಳೋಕೆ ಬರ್ತಿದ್ದೆ" ಅಂದಳು, ತೀರ ಮೆಲ್ಲಗೆ. "ನೀವು ಯಾಕೆ ಇಷ್ಟು ಹೊತ್ತು ಅಂತ ಕೇಳ್ತಿದ್ರಿ."

ಚಹಾ ಕುಡಿದೆ.

ಮೇಜು ಉಳಿಯಿತು. ಈಗ ಅವಳೇ ಅಲ್ಲಿ, ತನ್ನದೇ ಹೆಸರಿನಲ್ಲಿ. ಡಾಕ್ಟರಲ್ಲಿಗೂ ಹೋಗಿ ಬಂದೆ. ಮರೆವು ನಿಧಾನಕ್ಕೆ ಹೆಚ್ಚಬಹುದು, ತಲೆಗೆ ಕೆಲಸ ಕೊಡುತ್ತಿರಿ ಎಂದಿದ್ದಾರೆ. ಅದನ್ನು ವಸುಧಾ ವಂಬುಯಿಗೆ ಹೇಳಿರಬೇಕು. ಅವಳ ಮೊದಲ ಪದಬಂಧ ಅಚ್ಚಿಗೆ ಹೋಗುವ ಮೊದಲು ನನಗೆ ಬಂತು, ಬಿಡಿಸಿ ನೋಡಿ ಮ್ಜೇ ಎಂಬ ಸಾಲಿನೊಂದಿಗೆ.

ಬೆಳಿಗ್ಗೆಯಿಂದ ಕೂತು ಎಲ್ಲ ತುಂಬಿದೆ. ಒಂದು ಉಳಿಯಿತು. ಮಧ್ಯಾಹ್ನದವರೆಗೂ ನೋಡಿದೆ. ಕೊನೆಗೆ ನಾಚಿಕೆ ನುಂಗಿ ಫೋನ್ ಮಾಡಿದೆ.

"ಉತ್ತರ ಹೇಳಲ್ಲ ಮ್ಜೇ, ದಾರಿ ಹೇಳ್ತೀನಿ" ಎಂದು ನಕ್ಕಳು, ನನ್ನದೇ ದನಿಯಲ್ಲಿ. "ಅದು ಬಚ್ಚಿಟ್ಟ ಜಾತಿ."

ಬಚ್ಚಿಟ್ಟ ಜಾತಿ. ಎಲ್ಲಕ್ಕಿಂತ ಸುಲಭದ್ದು. ಉತ್ತರ ಕಣ್ಣೆದುರೇ ಇದೆ. ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ. ಮತ್ತೆ ಓದಿದೆ. ಕಾಣಲಿಲ್ಲ. ಅಕ್ಷರಗಳು ಸುಮ್ಮನೆ ಅಕ್ಷರಗಳಾಗಿ ನಿಂತಿದ್ದವು.

"ಮ್ಜೇ?"

"ಇದ್ದೀನಮ್ಮಾ. ನೋಡ್ತಿದ್ದೀನಿ."

ಆಚೆ ಕಡೆ ಆಫೀಸಿನ ಸದ್ದು ಕೇಳಿಸುತ್ತಿತ್ತು. ಅವಳು ಕಾದಳು. ಆಮೇಲೆ ಉತ್ತರ ಹೇಳಿದಳು. ಮಗುವಿಗೆ ಹೇಳುವಂತೆ ಅಲ್ಲ, ಹೊತ್ತೆಷ್ಟು ಎಂದು ಕೇಳಿದವರಿಗೆ ಹೇಳುವಂತೆ. ನಾನು ಬರೆದುಕೊಂಡೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಫೋನ್ ಹಿಡಿದಿದ್ದ ಕಾಂತಿಭಾಯ್ ನೆನಪಾದರು. ಆ ದಿನ ಅವರೂ ನನ್ನ ಹಾಗೇ ಸುಮ್ಮನಾಗಿದ್ದರು.

ಈ ಕೆಲಸಕ್ಕೆ ಬರುವ ಮಕ್ಕಳೇ, ಡಿಸೋಜಾ ಹೇಳಿದ್ದು ಸುಳ್ಳಲ್ಲ. ಉತ್ತರ ಕೊಡಬೇಡಿ, ದಾರಿ ಹೇಳಿ. ಫೋನಿನ ಆಚೆ ಕಡೆ ಬಹಳ ಹೊತ್ತು ಮಾತೇ ಬರದಿದ್ದರೆ ಮಾತ್ರ, ಹೇಳಿಬಿಡಿ.